‘ವೈವಾಹಿಕ ಸಂಬಂಧಗಳ ಪ್ರಯೋಜನಗಳು’: ನಾಲ್ಕು ಅಂಕದ ಒಂದು ಪ್ರಶ್ನೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಸ್ಟ್ರಿಯಾದ ವಿಯೆನ್ನಾ ನಗರದಿಂದ ಒಂದು ಮಿಂಚಂಚೆ ಕಳುಹಿಸಿದ್ದಳು. ಪ್ರವಾಸ ಹೋಗಿದ್ದವಳು ಅಲ್ಲಿನ ಕಲಾ ವಸ್ತುಸಂಗ್ರಹಾಲಯದಲ್ಲಿ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ರಚಿಸಿದ ಮೂರು ಚಿತ್ರಗಳ ಮುಂದೆ ಬಹಳ ಹೊತ್ತು ನಿಂತಿದ್ದಳಂತೆ. ಮೂರರಲ್ಲಿಯೂ ಇರುವವಳು ಒಬ್ಬಳೇ ಹುಡುಗಿ, ಸ್ಪೇನಿನ ರಾಜಕುಮಾರಿ ಮಾರ್ಗರೀತಾ ತೆರೇಸಾ. ಮೊದಲನೆಯದರಲ್ಲಿ ಆಗಷ್ಟೇ ನಡೆಯಲು ಕಲಿತ ಮಗು. ಎರಡನೆಯದರಲ್ಲಿ ಐದು ವರ್ಷದವಳು. ಮೂರನೆಯದರಲ್ಲಿ ನೀಲಿ ಉಡುಪಿನೊಳಗೆ ಮುಳುಗಿಹೋದ ಎಂಟು ವರ್ಷದ ಬಾಲೆ. ಇವು ಮ್ಯಾಡ್ರಿಡ್‌ನಿಂದ ವಿಯೆನ್ನಾಕ್ಕೆ ಪ್ರಯಾಣ ಮಾಡಿದ್ದು ಕಲಾಭಿಮಾನದಿಂದಲ್ಲ; ಕೂಸಿದ್ದಾಗಲೇ ಗೊತ್ತು ಮಾಡಿಟ್ಟಿದ್ದ ಹೆಣ್ಣು ಹೇಗೆ ಬೆಳೆಯುತ್ತಿದೆ ಎಂಬುದನ್ನು ಗಂಡಿನ ಮನೆಯವರು ಆಗಾಗ ನೋಡಿ ತೃಪ್ತಿಪಡಲಿ ಎಂದು. ನಮ್ಮಲ್ಲಿ ಜಾತಕದೊಡನೆ ಭಾವಚಿತ್ರ ಕಳುಹಿಸುವ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸ ಚಿತ್ರಕಾರನ ಹೆಸರಿನಲ್ಲಿ ಮಾತ್ರ.

ಮಿಂಚಂಚೆಯ ಕೊನೆಯಲ್ಲಿ ಆಕೆ ಹೀಗೆ ಬರೆದಿದ್ದಳು: “ಸರ್, ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯಲ್ಲಿ ನೀವು ಕೇಳಿದ್ದ ಪ್ರಶ್ನೆ ನೆನಪಿದೆಯೇ? ಯುರೋಪಿನ ರಾಜಮನೆತನಗಳ ನಡುವಣ ವೈವಾಹಿಕ ಸಂಬಂಧಗಳ ಪ್ರಯೋಜನಗಳನ್ನು ತಿಳಿಸಿ, ನಾಲ್ಕು ಅಂಕ. ಮದುವೆಯಾದ ಹುಡುಗಿಗೆ ಏನೂ ಪ್ರಯೋಜನವಾಗಲಿಲ್ಲ ಎಂದು ನಾನು ಬರೆದಿದ್ದೆ. ನೀವು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, ‘ಪ್ರಶ್ನೆಯನ್ನು ಸರಿಯಾಗಿ ಓದು’ ಎಂದು ಬರೆದು, ಒಂದು ಅಂಕ ಕೊಟ್ಟಿದ್ದಿರಿ.”

ನನಗೆ ನೆನಪಿಲ್ಲ. ಆದರೆ ನಾನು ಹಾಗೆ ಮಾಡಿರಬಹುದು ಎಂಬುದರಲ್ಲಿ ಸಂದೇಹವೂ ಇಲ್ಲ. ಏಕೆಂದರೆ ಆ ಪ್ರಶ್ನೆಗೆ ಮಾದರಿ ಉತ್ತರವನ್ನು ಕರಿಹಲಗೆಯ ಮೇಲೆ ಬರೆಸುತ್ತಿದ್ದವನು ನಾನೇ. ರಾಜ್ಯಗಳ ನಡುವೆ ಶಾಂತಿ ನೆಲೆಸಿತು, ಚದುರಿದ ರಾಜ್ಯಗಳು ಒಂದಾದವು, ಕಲೆ ಸಂಸ್ಕೃತಿಗಳ ವಿನಿಮಯವಾಯಿತು, ವಂಶ ಸ್ಥಿರವಾಯಿತು. ಯುದ್ಧ ಮಾಡುವುದು ಉಳಿದವರ ಪಾಲಿಗಿರಲಿ, ಆಸ್ಟ್ರಿಯಾದವರು ಮದುವೆಯಿಂದಲೇ ಸಾಮ್ರಾಜ್ಯ ಕಟ್ಟಿದ ಜಾಣರು ಎಂದು ನಾನು ಹೇಳಿದಾಗ ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಇಂದು ಆ ಮಾದರಿ ಉತ್ತರದ ವಿರುದ್ಧವೇ ವಾದಿಸಲು ಕುಳಿತಿದ್ದೇನೆ. ನನ್ನಿಂದ ಅದನ್ನು ಬಾಯಿಪಾಠ ಮಾಡಿದವರು ನೀವೆಲ್ಲ ಇರುವಿರಾದ್ದರಿಂದ, ಈ ವಾದವನ್ನು ನಿಮ್ಮ ಮುಂದೆಯೇ ಮಾಡುವುದು ನ್ಯಾಯ.

ಮೊದಲು ಶಾಂತಿಯ ಮಾತು. 1502ರಲ್ಲಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಒಂದು ಒಪ್ಪಂದವಾಯಿತು. ಅದರ ಹೆಸರೇ ‘ಶಾಶ್ವತ ಶಾಂತಿಯ ಒಪ್ಪಂದ’. ಅದನ್ನು ಭದ್ರಪಡಿಸಲು ಏಳನೆಯ ಹೆನ್ರಿ ಮರುವರ್ಷ ತನ್ನ ಮಗಳು ಮಾರ್ಗರೆಟಳನ್ನು ಸ್ಕಾಟ್ಲೆಂಡಿನ ನಾಲ್ಕನೆಯ ಜೇಮ್ಸನಿಗೆ ಮದುವೆ ಮಾಡಿಕೊಟ್ಟ. ಹುಡುಗಿಗೆ ಹದಿಮೂರು ವರ್ಷ, ವರನಿಗೆ ಮೂವತ್ತು. ಶಾಶ್ವತ ಶಾಂತಿ ಬಾಳಿದ್ದು ಹನ್ನೊಂದು ವರ್ಷ! 1513ರಲ್ಲಿ ಫ್ಲಾಡೆನ್ ಕದನದಲ್ಲಿ ಜೇಮ್ಸ್ ತನ್ನ ಹೆಂಡತಿಯ ತಮ್ಮನಾದ ಎಂಟನೆಯ ಹೆನ್ರಿಯ ಸೈನ್ಯದ ಎದುರು ಹೋರಾಡಿ ಸತ್ತ. ಹೆನ್ರಿ ಆಗ ಫ್ರಾನ್ಸಿನಲ್ಲಿದ್ದ; ರಾಜ್ಯಭಾರ ರಾಣಿ ಕ್ಯಾಥರೀನಳದು. ಅವಳು ಸತ್ತವನ ರಕ್ತಸಿಕ್ತ ಮೇಲಂಗಿಯನ್ನು ವಿಜಯದ ಕುರುಹಾಗಿ ಗಂಡನಿಗೆ ಕಳುಹಿಸಿಕೊಟ್ಟಳು. ಗಂಡನ ಅಕ್ಕನ ಗಂಡನ ಅಂಗಿ! ಆ ಮದುವೆಯ ಮರಿಮಗನಿಂದಲೇ 1603ರಲ್ಲಿ ಎರಡು ಕಿರೀಟಗಳು ಒಂದಾದವಲ್ಲವೇ ಎಂದು ಕೇಳುವವರಿದ್ದಾರೆ. ಮೊದಲು ನಾನೂ ಕೇಳುತ್ತಿದ್ದೆ. ಒಂದಾದವು, ನಿಜ. ಆದರೆ ನಡುವಣ ನೂರು ವರ್ಷಗಳಲ್ಲಿ ಏನಾಯಿತೆಂಬುದನ್ನೂ ಹೇಳಬೇಕು. ಸ್ಕಾಟ್ಲೆಂಡಿನ ಶಿಶುರಾಣಿ ಮೇರಿಯನ್ನು ತನ್ನ ಮಗನಿಗೆ ಕೊಡಲು ಅಲ್ಲಿಯವರು ಒಪ್ಪಲಿಲ್ಲವೆಂದು ಅದೇ ಎಂಟನೆಯ ಹೆನ್ರಿ 1544ರಲ್ಲಿ ಸೈನ್ಯ ಕಳುಹಿಸಿ ಎಡಿನ್‌ಬರೋ ನಗರವನ್ನು ಸುಡಿಸಿದ. ಯುದ್ಧ ತಪ್ಪಿಸಲು ಮದುವೆ ಎಂದು ನಾವು ಕಲಿಸಿದೆವು; ಇದು ಮದುವೆ ಮಾಡಿಸಲು ಯುದ್ಧ.

ಇನ್ನೊಂದು ಉದಾಹರಣೆ ಇನ್ನೂ ಸ್ಪಷ್ಟ. 1659ರ ಪಿರೆನೀಸ್ ಒಪ್ಪಂದದ ಪ್ರಕಾರ ಮಾರ್ಗರೀತಾಳ ಮಲ ಅಕ್ಕ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಕೈಹಿಡಿದಳು. ಐದು ಲಕ್ಷ ಚಿನ್ನದ ನಾಣ್ಯಗಳ ವರದಕ್ಷಿಣೆ ಸಂದಾಯವಾದರೆ ಸ್ಪೇನಿನ ಮೇಲಿನ ಅವಳ ಹಕ್ಕು ರದ್ದಾಗುತ್ತದೆ ಎಂಬ ಷರತ್ತು. ಬೊಕ್ಕಸ ಬರಿದಾಗಿದ್ದ ಸ್ಪೇನ್ ಹಣ ಕೊಡಲಿಲ್ಲ. 1667ರಲ್ಲಿ ಲೂಯಿ ತನ್ನ ಹೆಂಡತಿಯ ಹಕ್ಕಿನ ಹೆಸರಿನಲ್ಲಿ ಸ್ಪೇನಿನ ಅಧೀನದಲ್ಲಿದ್ದ ನೆದರ್‌ಲ್ಯಾಂಡ್ಸ್ ಮೇಲೆ ದಂಡೆತ್ತಿದ. 1701ರಿಂದ 1714ರವರೆಗೆ ಯುರೋಪನ್ನು ಸುಟ್ಟ ಸ್ಪೇನ್ ಉತ್ತರಾಧಿಕಾರ ಯುದ್ಧದ ಬೇರೂ ಇದೇ ಬಗೆಯ ಮದುವೆಗಳಲ್ಲಿತ್ತು. ಇಪ್ಪತ್ತನೆಯ ಶತಮಾನಕ್ಕೆ ಬಂದರೆ, 1914ರಲ್ಲಿ ಪರಸ್ಪರ ಎದುರಾಗಿ ನಿಂತ ಇಂಗ್ಲೆಂಡಿನ ಐದನೆಯ ಜಾರ್ಜ್ ಮತ್ತು ಜರ್ಮನಿಯ ಎರಡನೆಯ ವಿಲ್‌ಹೆಲ್ಮ್ ಇಬ್ಬರೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು. ರಷ್ಯಾದ ನಿಕೊಲಾಸ್‌ನ ತಾಯಿಯೂ ಜಾರ್ಜ್‌ನ ತಾಯಿಯೂ ಒಡಹುಟ್ಟಿದವರು. ಈ ನೆಂಟಸ್ತಿಕೆ ಒಂದು ಗುಂಡನ್ನೂ ತಡೆಯಲಿಲ್ಲ.

ಹಾಗಾದರೆ ಈ ಮದುವೆಗಳು ಏನಾಗಿದ್ದವು? ನಾನು ಹೇಳುವುದು ಇಷ್ಟೇ: ಅವು ಕ್ರಯಪತ್ರಗಳು. ಹುಡುಗಿಯೇ ಕಾಗದ, ಅವಳ ಮೈಮೇಲೆ ಭೂಮಿ, ಹಣ, ಪಟ್ಟ ಎಲ್ಲವನ್ನೂ ಬರೆದು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸುತ್ತಿದ್ದರು.

ಮೇಲೆ ಹೇಳಿದ ರಾಣಿ ಕ್ಯಾಥರೀನಳ ಕಥೆಯನ್ನೇ ನೋಡಿ. ಆರಗಾನಿನ ಫರ್ಡಿನೆಂಡ್ ಮತ್ತು ಕ್ಯಾಸ್ಟೀಲಿನ ಇಸಾಬೆಲಾ ತಮ್ಮ ಈ ಮಗಳಿಗೆ ಇಂಗ್ಲೆಂಡಿನ ಆರ್ಥರ್‌ನನ್ನು ಗೊತ್ತು ಮಾಡಿದಾಗ ಅವಳಿಗೆ ಮೂರು ವರ್ಷ. ವರದಕ್ಷಿಣೆ ಎರಡು ಲಕ್ಷ ಕ್ರೌನ್. 1501ರ ನವೆಂಬರಿನಲ್ಲಿ ಮದುವೆಯಾಯಿತು, ಅರ್ಧ ಹಣ ಸಂದಾಯವಾಯಿತು. 1502ರ ಏಪ್ರಿಲಿನಲ್ಲಿ ಆರ್ಥರ್ ತೀರಿಕೊಂಡ. ಈಗ ಪಡೆದ ಒಂದು ಲಕ್ಷ ಹಿಂತಿರುಗಿಸಬೇಕೋ, ಬಾಕಿ ಒಂದು ಲಕ್ಷ ವಸೂಲು ಮಾಡಬೇಕೋ? ಮಾವ ಏಳನೆಯ ಹೆನ್ರಿ ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಹೆಂಡತಿ ಸತ್ತ ಮೇಲೆ ಸೊಸೆಯನ್ನು ತಾನೇ ಮದುವೆಯಾಗುವ ಯೋಚನೆಯನ್ನೂ ಅವನು ಮುಂದಿಟ್ಟನು. ಆ ಒಂದು ಸಲ ಇಸಾಬೆಲಾಳಿಗೂ ಅಸಹ್ಯವಾಯಿತು. ಕೊನೆಗೆ ಕಿರಿಯ ಮಗನಿಗೆ ಎಂದು ನಿಶ್ಚಯವಾಯಿತಾದರೂ ಹಣದ ಜಗ್ಗಾಟ ಮುಗಿಯಲಿಲ್ಲ. ಏಳು ವರ್ಷ ಆ ವಿಧವೆ ಅತ್ತ ತವರಿಗೂ ಸಲ್ಲದೆ ಇತ್ತ ಗಂಡನ ಮನೆಗೂ ಸಲ್ಲದೆ ಇಂಗ್ಲೆಂಡಿನಲ್ಲಿ ಉಳಿದಳು. ಪರಿವಾರದವರ ಹೊಟ್ಟೆಪಾಡಿಗಾಗಿ ಬೆಳ್ಳಿ ಬಂಗಾರದ ಪಾತ್ರೆಗಳನ್ನು ಮಾರಿದಳು. ಆ ಪಾತ್ರೆಗಳಾದರೂ ಅವಳದೇ? ಅವನ್ನೂ ವರದಕ್ಷಿಣೆಯ ಲೆಕ್ಕಕ್ಕೆ ಹಿಡಿದಿದ್ದರಿಂದ, ಮಾರಿದ್ದು ತಪ್ಪೆಂಬ ತಕರಾರೂ ಎದ್ದಿತು! 1509ರಲ್ಲಿ ಮಾವ ಸತ್ತ ಮೇಲೆಯೇ ಅವಳು ಎಂಟನೆಯ ಹೆನ್ರಿಯ ರಾಣಿಯಾದದ್ದು. ಮುಂದಿನದು ನಿಮಗೆಲ್ಲ ಗೊತ್ತಿರುವುದೇ.

ಈಗ ನಮ್ಮ ಕರಾವಳಿಗೆ ಬರುತ್ತೇನೆ. ಕಥೆಯೇ ಇಲ್ಲಿಗೆ ಬಂದಿದೆ. ಎರಡನೆಯ ಚಾರ್ಲ್ಸ್ ಪೋರ್ಚುಗಲ್ಲಿನ ಬ್ರಗಾಂಜಾ ಮನೆತನದ ಕ್ಯಾಥರೀನಳನ್ನು ಮದುವೆಯಾಗಿ ಮುಂಬಯಿ ದ್ವೀಪವನ್ನು ಬಳುವಳಿಯಾಗಿ ಪಡೆದ ಎಂಬುದನ್ನು ನಾವು ಒಂದೇ ವಾಕ್ಯದಲ್ಲಿ ಕಲಿಸಿ ಮುಂದೆ ಹೋಗುತ್ತೇವೆ. ಆ ಒಂದು ವಾಕ್ಯದೊಳಗೆ ಏನೇನಿದೆ! 1661ರ ಒಪ್ಪಂದ. ಇಪ್ಪತ್ತೊಂದು ವರ್ಷಗಳ ಹಿಂದೆ ಸ್ಪೇನಿನಿಂದ ಬೇರ್ಪಟ್ಟಿದ್ದ ಪೋರ್ಚುಗಲ್ಲಿಗೆ ಇಂಗ್ಲೆಂಡಿನ ಸೈನ್ಯದ ನೆರವು ಬೇಕಿತ್ತು. ಸಾಲದಲ್ಲಿದ್ದ ಚಾರ್ಲ್ಸ್‌ಗೆ ಹಣ ಬೇಕಿತ್ತು. ಇಪ್ಪತ್ತು ಲಕ್ಷ ಕ್ರುಸಾಡೊ ಹಣ, ಆಫ್ರಿಕಾದ ಟಾಂಜಿಯರ್, ಭಾರತದ ಮುಂಬಯಿ, ಪೋರ್ಚುಗೀಸರ ನೆಲೆಗಳಲ್ಲಿ ವ್ಯಾಪಾರದ ಹಕ್ಕು, ಇವೆಲ್ಲದರ ಜೊತೆಗೆ ಒಬ್ಬಳು ಹುಡುಗಿ. 1662ರಲ್ಲಿ ಮದುವೆಯಾಗಿ ಬಂದವಳಿಗೆ ಗಂಡ ಮಾಡಿದ ಮೊದಲ ಉಪಚಾರವೆಂದರೆ, ತನ್ನ ಉಪಪತ್ನಿಯನ್ನೇ ರಾಣಿಯ ಅಂತಃಪುರದ ಸಖಿಯಾಗಿ ನೇಮಿಸಿದ್ದು. ಆ ಹೆಂಗಸನ್ನು ಎದುರಿಗೆ ತಂದು ನಿಲ್ಲಿಸಿದಾಗ ರಾಣಿಯ ಮೂಗಿನಿಂದ ರಕ್ತ ಸುರಿದು ಅವಳು ಮೂರ್ಛೆ ಹೋದಳೆಂದು ಆ ಕಾಲದ ಬರಹಗಳೇ ಹೇಳುತ್ತವೆ. ಸೋತವಳು ರಾಣಿಯೇ.

ಇತ್ತ ಬಳುವಳಿಯನ್ನು ವಶಪಡಿಸಿಕೊಳ್ಳಲು ಅಬ್ರಹಾಂ ಶಿಪ್‌ಮನ್ ಎಂಬ ದಂಡನಾಯಕನ ಕೈಕೆಳಗೆ ಸುಮಾರು ನಾನೂರು ಸೈನಿಕರು ಹಡಗಿನಲ್ಲಿ ಬಂದರು. ಪೋರ್ಚುಗೀಸ್ ವೈಸರಾಯ್ ಕಾಗದಪತ್ರ ಸರಿಯಿಲ್ಲವೆಂದು ಮುಂಬಯಿಯನ್ನು ಒಪ್ಪಿಸಲಿಲ್ಲ. ನೆಲೆ ಸಿಗದ ಆ ಸೈನಿಕರು ಬಂದಿಳಿದದ್ದು ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. ಬಿಣಗಾ ತೀರದಲ್ಲಿ ನಿಂತವರಿಗೆ ಆ ದ್ವೀಪ ಕಾಣಿಸುತ್ತದೆ. ಗೋವಾಕ್ಕೆ ಸೇರಿದ್ದು, ಈಗ ನೌಕಾಪಡೆಯ ಸುಪರ್ದಿಯಲ್ಲಿದೆ. ಅಲ್ಲಿ ಎರಡು ಮಳೆಗಾಲ ಕಳೆದವು. ಜ್ವರ, ಭೇದಿ, ಸರಿಯಾದ ಆಹಾರವಿಲ್ಲ. 1664ರಲ್ಲಿ ಶಿಪ್‌ಮನ್ನನೂ ಸತ್ತ. 1665ರ ಆರಂಭದಲ್ಲಿ ಮುಂಬಯಿ ಕೊನೆಗೂ ಕೈಸೇರಿದಾಗ ಆ ನಾನೂರರಲ್ಲಿ ಉಳಿದಿದ್ದವರು ನೂರರ ಆಸುಪಾಸು. ಲಿಸ್ಬನ್ ಹುಡುಗಿಯೊಬ್ಬಳ ವರದಕ್ಷಿಣೆ ವಸೂಲಿಗೆ ಬಂದ ಇಂಗ್ಲೆಂಡಿನ ಬಡಮಕ್ಕಳು ನಮ್ಮ ಸಮುದ್ರದ ನಡುಗಡ್ಡೆಯಲ್ಲಿ ಮಣ್ಣಾದರು. ಎಷ್ಟೋ ವರ್ಷ ಶಾಲಾ ಪ್ರವಾಸಕ್ಕೆಂದು ಮಕ್ಕಳನ್ನು ಕಾರವಾರಕ್ಕೆ ಕರೆದೊಯ್ದು ಆ ದ್ವೀಪದ ಕಡೆ ಕೈತೋರಿಸಿದ ನಾನು ಒಮ್ಮೆಯೂ ಇದನ್ನು ಹೇಳಲಿಲ್ಲ. ಮುಂಬಯಿ ಏನಾಯಿತು? 1668ರಲ್ಲಿ ಚಾರ್ಲ್ಸ್ ಅದನ್ನು ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟ. ಅಲ್ಲಿದ್ದ ಕೋಳಿಗಳನ್ನು, ಭಂಡಾರಿಗಳನ್ನು ಈ ಮದುವೆಯ ಬಗ್ಗೆ ಯಾರೂ ಕೇಳಿರಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

‘ರಾಜ್ಯಗಳು ಒಂದಾದವು’ ಎಂಬ ಎರಡನೆಯ ಪ್ರಯೋಜನದ ನಿಜಸ್ವರೂಪವೂ ಇದೇ. 1477ರಲ್ಲಿ ಬರ್ಗಂಡಿಯ ಮೇರಿಯನ್ನು ಮದುವೆಯಾಗಿ ಹ್ಯಾಬ್ಸ್‌ಬರ್ಗ್ ಮನೆತನ ನೆದರ್‌ಲ್ಯಾಂಡ್ಸನ್ನು ಪಡೆಯಿತು. ಅವಳ ಮಗನಿಗೆ ಸ್ಪೇನಿನ ಹ್ವಾನಾಳನ್ನು ತಂದರು. ಮೊಮ್ಮಗ ಐದನೆಯ ಚಾರ್ಲ್ಸ್ ಎರಡೂ ಕಡೆಯ ಆಸ್ತಿಗೆ ಒಡೆಯನಾದ. 1568ರಿಂದ ಎಂಬತ್ತು ವರ್ಷ ಡಚ್ಚರು ಸ್ಪೇನಿನ ವಿರುದ್ಧ ಹೋರಾಡಬೇಕಾಗಿ ಬಂದದ್ದು ಆ ಆಸ್ತಿ ಹಂಚಿಕೆಯ ಫಲ. ರಾಜಕುಮಾರಿಯರು ಸುಖದ ಸುಪ್ಪತ್ತಿಗೆಯಲ್ಲಿದ್ದರಲ್ಲ ಎನ್ನುವವರು ಆ ಹ್ವಾನಾಳನ್ನು ನೆನೆಯಬೇಕು. ಕ್ಯಾಸ್ಟೀಲಿನ ರಾಣಿಪಟ್ಟ ಕಾನೂನಿನ ಪ್ರಕಾರ ಸಾಯುವವರೆಗೂ ಅವಳದೇ. 1509ರಿಂದ 1555ರವರೆಗೆ, ನಲವತ್ತಾರು ವರ್ಷ, ಮೊದಲು ತಂದೆ ನಂತರ ಮಗ ಅವಳನ್ನು ತೋರ್ದೆಸಿಯಾಸ್ ಅರಮನೆಯಲ್ಲಿ ಕೂಡಿಹಾಕಿದರು. ಹುಚ್ಚಿ ಎಂದರು. ಆಸ್ತಿ ಅವಳದು, ಬೀಗದ ಕೈ ಮಗನದು.

ಇನ್ನು ವಂಶದ ಸ್ಥಿರತೆ. ಬಂದ ಆಸ್ತಿ ಹೊರಗೆ ಹೋಗಬಾರದೆಂದು ಹ್ಯಾಬ್ಸ್‌ಬರ್ಗರು ಮುಂದೆ ತಮ್ಮತಮ್ಮಲ್ಲೇ ಕೊಟ್ಟು ತಂದರು. ಸ್ಪೇನಿನ ನಾಲ್ಕನೆಯ ಫಿಲಿಪ್ ತನ್ನ ತಂಗಿಯ ಮಗಳು ಮರಿಯಾನಾಳನ್ನು ತನ್ನ ಮಗನಿಗೆ ಗೊತ್ತು ಮಾಡಿದ್ದ. 1646ರಲ್ಲಿ ಮಗ ಸತ್ತ. 1649ರಲ್ಲಿ ಆ ಹದಿನಾಲ್ಕು ವರ್ಷದ ಹುಡುಗಿಯನ್ನು ನಲವತ್ತನಾಲ್ಕರ ಫಿಲಿಪ್ ತಾನೇ ಮದುವೆಯಾದ. ಅವರ ಮಗಳೇ ನೀಲಿ ಉಡುಪಿನ ಮಾರ್ಗರೀತಾ. ಅವಳು 1666ರಲ್ಲಿ ವಿಯೆನ್ನಾಕ್ಕೆ ಹೋಗಿ ಮದುವೆಯಾದ ಚಕ್ರವರ್ತಿ ಲಿಯೊಪೋಲ್ಡ್ ಬೇರೆ ಯಾರೂ ಅಲ್ಲ, ತಾಯಿಯ ತಮ್ಮ. ಸೋದರಮಾವನ ಮದುವೆ ನಮ್ಮ ಮನೆಗಳಲ್ಲಿಯೂ ಇದ್ದದ್ದೇ; ಈ ಬರಹ ಓದುವ ಬಂಧುಗಳಲ್ಲಿ ಕೆಲವರು ಅಂಥ ದಂಪತಿಗಳ ಮಕ್ಕಳೇ ಆಗಿರುವುದರಿಂದ ಪಾಶ್ಚಾತ್ಯರಂತೆ ಹೌಹಾರುವ ಹಕ್ಕು ನನಗಿಲ್ಲ. ನಾನು ಎತ್ತುತ್ತಿರುವುದು ಬೇರೆ ಮಾತು. ತಲೆಮಾರಿನ ಮೇಲೆ ತಲೆಮಾರು, ಆಸ್ತಿಯೊಂದನ್ನೇ ಲಕ್ಷ್ಯದಲ್ಲಿಟ್ಟು ಒಂದೇ ನೂಲನ್ನು ಮತ್ತೆ ಮತ್ತೆ ಗಂಟು ಹಾಕಿದ ಬಗೆ ಅದು. ಇನ್ನೂರು ವರ್ಷಗಳಲ್ಲಿ ಸ್ಪೇನಿನ ಶಾಖೆಯ ಹನ್ನೊಂದು ಮದುವೆಗಳಲ್ಲಿ ಒಂಬತ್ತು ರಕ್ತಸಂಬಂಧದೊಳಗೇ ನಡೆದವು ಎಂದು 2009ರಲ್ಲಿ ಸ್ಪೇನಿನ ತಳಿವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. 1527ರಿಂದ 1661ರವರೆಗೆ ಆ ಕುಟುಂಬದಲ್ಲಿ ಹುಟ್ಟಿದ 34 ಮಕ್ಕಳಲ್ಲಿ 10 ವರ್ಷ ತುಂಬುವ ಮೊದಲೇ ಸತ್ತವರು 17 ಮಂದಿ. ಹಳ್ಳಿಯ ಬಡವರ ಮನೆಯ ಲೆಕ್ಕವಲ್ಲ ಇದು. ಯುರೋಪಿನ ಅತ್ಯಂತ ಶ್ರೀಮಂತ ಮನೆಯದು. ಮಾರ್ಗರೀತಾ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಆರು ವರ್ಷಗಳ ಬಸಿರು ಬಾಣಂತನಗಳಿಂದ ಬಳಲಿ, 1673ರ ಮಾರ್ಚಿನಲ್ಲಿ ತೀರಿಕೊಂಡಳು. ಹೆತ್ತ ಮಕ್ಕಳಲ್ಲಿ ಉಳಿದವಳು ಒಬ್ಬಳೇ. ಅದೇ ವರ್ಷ ಅಕ್ಟೋಬರಿನಲ್ಲಿ ಲಿಯೊಪೋಲ್ಡ್ ಮತ್ತೆ ಮದುವೆಯಾದ. ಅವಳ ತಮ್ಮ ಎರಡನೆಯ ಚಾರ್ಲ್ಸ್ ಜೀವಮಾನವೆಲ್ಲ ರೋಗಿಯಾಗಿದ್ದು 1700ರಲ್ಲಿ ಮಕ್ಕಳಿಲ್ಲದೆ ಸತ್ತ. ವಂಶ ಅಲ್ಲಿಗೆ ನಿಂತಿತು. ಇದು ನಾನು ಒಂದು ಅಂಕ ಕೊಡುತ್ತಿದ್ದ ‘ಸ್ಥಿರತೆ’.

ಈಗ ನನ್ನ ಸಹೋದ್ಯೋಗಿ ಮಿತ್ರರು ಕೇಳುವ ಪ್ರಶ್ನೆ ಗೊತ್ತಿದೆ: “ಅದು ಆ ಕಾಲದ ಧರ್ಮ ಮಾರಾಯರೇ, ಇಂದಿನ ಅಳತೆಗೋಲಿನಿಂದ ಅಳೆಯಬಾರದು.” ನಾನೂ ಇದೇ ಮಾತಿನ ಹಿಂದೆ ಅಡಗಿಕೊಂಡಿದ್ದೆ. ಆದರೆ ಅಳತೆಗೋಲು ಅವರದೇ ಇದೆಯಲ್ಲ! ಆಸ್ಟ್ರಿಯಾದ ಮರಿಯಾ ತೆರೇಸಾ ಹದಿನಾರು ಮಕ್ಕಳ ತಾಯಿ. ನೇಪಲ್ಸ್ ರಾಜ ಫರ್ಡಿನೆಂಡನಿಗೆಂದು ಗೊತ್ತು ಮಾಡಿದ್ದ ಯೋಹಾನಾ 1762ರಲ್ಲಿ ಸಿಡುಬಿನಿಂದ ಸತ್ತಳು. ತಂಗಿ ಯೋಸೆಫಾಳನ್ನು ಆ ಜಾಗದಲ್ಲಿ ನಿಲ್ಲಿಸಿದರು. ಅವಳನ್ನು ರಾಜಕೀಯಕ್ಕೆ ಕೊಟ್ಟ ಬಲಿ ಎಂದೇ ಭಾವಿಸುತ್ತೇನೆ ಎಂಬರ್ಥದ ಮಾತನ್ನು ಆ ತಾಯಿಯೇ ಪತ್ರದಲ್ಲಿ ಬರೆದಳು. ‘ಬಲಿ’ ನನ್ನ ಪದವಲ್ಲ, ಹೆತ್ತವಳ ಪದ. 1767ರ ಅಕ್ಟೋಬರಿನಲ್ಲಿ ದಿಬ್ಬಣ ಹೊರಡಬೇಕಿದ್ದ ಸಮಯಕ್ಕೆ ಯೋಸೆಫಾಳೂ ಸಿಡುಬಿನಿಂದಲೇ ಸತ್ತಳು. ಆಗ ಆ ತಾಯಿ ಮಾಡಿದ್ದೇನು? ಉಳಿದಿಬ್ಬರು ಹೆಣ್ಣುಮಕ್ಕಳಲ್ಲಿ ಯಾರಾದರಾಗಬಹುದು ಎಂದಳು. ಅಮಾಲಿಯಾ ವರನಿಗಿಂತ ಐದು ವರ್ಷ ದೊಡ್ಡವಳೆಂದು ಬೀಗರು ಬೇಡವೆಂದರು. ಆರು ತಿಂಗಳೊಳಗೆ ಹದಿನೈದರ ಕರೋಲಿನಾಳ ಧಾರೆಯಾಯಿತು. ಬೇರೊಬ್ಬನನ್ನು ಮೆಚ್ಚಿದ್ದ ಅಮಾಲಿಯಾಳನ್ನು ಮರುವರ್ಷ ಪಾರ್ಮಾಕ್ಕೆ ಬಲವಂತವಾಗಿ ಕಳುಹಿಸಿದರು. ಅದಕ್ಕೂ ಮರುವರ್ಷ, 1770ರಲ್ಲಿ, ಹದಿನಾಲ್ಕರ ಮೇರಿ ಆಂಟಾಯ್ನೆಟ್. ವರ ಫ್ರಾನ್ಸಿನಲ್ಲಿ; ವಿಯೆನ್ನಾದ ಚರ್ಚಿನಲ್ಲಿ ಅವನ ಬದಲಿಗೆ ನಿಂತವನು ಹುಡುಗಿಯ ಸ್ವಂತ ಅಣ್ಣ. ಇಪ್ಪತ್ತೆರಡು ವರ್ಷಗಳ ನಂತರ ಫ್ರಾನ್ಸ್ ಆಸ್ಟ್ರಿಯಾದ ಮೇಲೆಯೇ ಯುದ್ಧ ಸಾರಿತು. ಮರುವರ್ಷ ಅವಳ ತಲೆ ಹೋಯಿತು. ಇಷ್ಟರ ನಡುವೆ ಕ್ರಿಸ್ಟೀನಾ ಎಂಬ ಒಬ್ಬ ಮೆಚ್ಚಿನ ಮಗಳಿಗೆ ಮಾತ್ರ ಮನಸ್ಸಿಗೆ ಬಂದವನನ್ನು ವರಿಸಲು ಮರಿಯಾ ತೆರೇಸಾ ಅನುಮತಿ ಕೊಟ್ಟಿದ್ದಳು. ಅಂದರೆ ಬೇರೆ ದಾರಿ ಇದೆಯೆಂಬುದು ಆ ಕಾಲಕ್ಕೂ ಆ ತಾಯಿಗೂ ಗೊತ್ತಿತ್ತು.

ಗಂಡಸರ ಕಥೆಯನ್ನೂ ಹೇಳದಿದ್ದರೆ ಪಕ್ಷಪಾತವಾದೀತು, ಆದರೆ ಅವರಿಗೆ ಪೆಟ್ಟು ಕಡಿಮೆ. 1817ರಲ್ಲಿ ಇಂಗ್ಲೆಂಡಿನ ಯುವರಾಣಿ ಶಾರ್ಲಟ್ ಹೆರಿಗೆಯಲ್ಲಿ ಸತ್ತಾಗ ಉತ್ತರಾಧಿಕಾರಿ ಬೇಕೆಂದು ಅವಳ ನಡುವಯಸ್ಸಿನ ಚಿಕ್ಕಪ್ಪಂದಿರು ಮದುವೆಗೆ ಓಡಿದರು. ವಿಲಿಯಂ ಎಂಬವನಿಗೆ ನಟಿಯೊಬ್ಬಳಲ್ಲಿ ಹತ್ತು ಮಕ್ಕಳಿದ್ದವು; ಅವಳನ್ನು ಎಂದೋ ಬಿಟ್ಟಿದ್ದ, ಅವಳು ಬಡತನದಲ್ಲಿ ಫ್ರಾನ್ಸಿನಲ್ಲಿ ಸತ್ತಿದ್ದಳು. ಎಡ್ವರ್ಡ್ ಎಂಬವನು ಕಾಲು ಶತಮಾನಕ್ಕೂ ಮಿಕ್ಕಿ ಜೊತೆಗಿದ್ದ ಸಂಗಾತಿಯನ್ನು ಕಳುಹಿಸಿ ಜರ್ಮನಿಯ ವಿಧವೆಯೊಬ್ಬಳನ್ನು ತಂದ. ಸಂಸತ್ತು ಕೊಡುವ ವರ್ಷಾಶನ ಹೆಚ್ಚುತ್ತದೆ ಎಂಬುದೂ ಲೆಕ್ಕದಲ್ಲಿತ್ತು. ಆ ಎಡ್ವರ್ಡನ ಮಗಳೇ ವಿಕ್ಟೋರಿಯಾ. ಅವಳ ದಾಂಪತ್ಯ ಸುಖವಾಗಿತ್ತು, ಒಪ್ಪುತ್ತೇನೆ. ಒಂದು ಮರದಲ್ಲಿ ಒಂದು ಸಿಹಿ ಹಣ್ಣು ಸಿಕ್ಕಿತೆಂದು ತೋಟವನ್ನೇ ಹೊಗಳಲಾಗದು.

ಅಂತಸ್ತನ್ನು ಮೀರಿದವರಿಗೆ ಏನಾಗುತ್ತಿತ್ತು ಎಂಬುದಕ್ಕೆ ಕೊನೆಯದಾಗಿ ಫ್ರಾನ್ಜ್ ಫರ್ಡಿನೆಂಡ್. ಆಸ್ಟ್ರಿಯಾದ ಈ ಯುವರಾಜ ಮೆಚ್ಚಿದ ಸೋಫಿ ಬೊಹಿಮಿಯಾದ ಹಳೆಯ ಜಹಗೀರುದಾರರ ಮನೆಯವಳು. ಆದರೆ ಹ್ಯಾಬ್ಸ್‌ಬರ್ಗರ ಪಟ್ಟಿಯಲ್ಲಿ ಸಮಾನಳಲ್ಲ. ಹೆಂಡತಿಗೆ ಪಟ್ಟವಿಲ್ಲ, ಮಕ್ಕಳಿಗೆ ಹಕ್ಕಿಲ್ಲ ಎಂದು ಅವನು ಪ್ರಮಾಣ ಮಾಡಬೇಕಾಯಿತು, 1900ರ ಜೂನ್ 28ರಂದು. ಆಸ್ಥಾನದ ಸಮಾರಂಭಗಳಲ್ಲಿ ಅವಳು ಗಂಡನ ಪಕ್ಕದಲ್ಲಿ ನಡೆಯುವಂತಿರಲಿಲ್ಲ. 1914ರ ಅದೇ ಜೂನ್ 28ರಂದು ಸರಾಯೆವೊ ನಗರದಲ್ಲಿ, ಸೇನಾ ಕಾರ್ಯಕ್ಕೆಂದು ಹೋಗಿದ್ದರಿಂದ, ಒಂದೇ ಕಾರಿನಲ್ಲಿ ಅಕ್ಕಪಕ್ಕ ಕುಳಿತಿದ್ದಾಗ ಇಬ್ಬರೂ ಗುಂಡಿಗೆ ಬಲಿಯಾದರು. ವಿಯೆನ್ನಾದಲ್ಲಿ ಅಂತಿಮ ದರ್ಶನಕ್ಕಿಟ್ಟಾಗ ಅವಳ ಶವಪೆಟ್ಟಿಗೆಯನ್ನು ಅವನದಕ್ಕಿಂತ ತಗ್ಗಿನಲ್ಲಿ ಇರಿಸಿದರು. ರಾಜಮನೆತನದ ಸಮಾಧಿಗೃಹದಲ್ಲಿ ತನ್ನ ಹೆಂಡತಿಗೆ ಜಾಗವಿಲ್ಲವೆಂದು ತಿಳಿದಿದ್ದ ಅವನು ಮೊದಲೇ ಆರ್ಟ್‌ಸ್ಟೆಟನ್ ಎಂಬ ಊರಿನ ತನ್ನ ಕೋಟೆಯಲ್ಲಿ ಇಬ್ಬರಿಗೂ ಸಮಾಧಿ ಕಟ್ಟಿಸಿದ್ದ.

ಇದೆಲ್ಲ ಮುಗಿದ ಕಥೆ ಎನ್ನುವಂತೆಯೂ ಇಲ್ಲ. ಮೂರನೆಯ ಜಾರ್ಜ್ 1772ರಲ್ಲಿ ತಂದ ರಾಜಮನೆತನದ ವಿವಾಹ ಕಾನೂನನ್ನು ಬ್ರಿಟನ್ 2013ರ ಹೊಸ ಕಾನೂನಿನ ಮೂಲಕ ಕೈಬಿಟ್ಟಿತು. ಆದರೂ ಪಟ್ಟದ ಸರದಿಯಲ್ಲಿರುವ ಮೊದಲ ಆರು ಮಂದಿ ಮದುವೆಯಾಗಲು ಇಂದಿಗೂ ಅರಸನ ಒಪ್ಪಿಗೆ ಪಡೆಯಬೇಕು.

ವಿಯೆನ್ನಾದಿಂದ ಬರೆದವಳಿಗೆ ಉತ್ತರ ಬರೆದಿದ್ದೇನೆ. ಆ ಉತ್ತರಪತ್ರಿಕೆ ಅವಳ ತಾಯಿಯ ಮನೆಯ ಟ್ರಂಕಿನಲ್ಲಿ ಎಲ್ಲಾದರೂ ಉಳಿದಿದ್ದರೆ ಅಂಚೆಯಲ್ಲಿ ಕಳುಹಿಸಲಿ, ಕೆಂಪು ಶಾಯಿಯ ಪೆನ್ನು ನನ್ನ ಮೇಜಿನ ಮೇಲೆ ಇನ್ನೂ ಇದೆ ಎಂದು ತಿಳಿಸಿದ್ದೇನೆ.